ಹಳೇ ಶೀಟು ಇಳಿಸುವಾಗ ಎಚ್ಚರ

ನಮ್ಮ ಊರುಗಳಲ್ಲಿ ಶೀಟಿನ ಮನೆ ಬೇಕಾದಷ್ಟಿವೆ. ಬೂದಿ ಬಣ್ಣದ ಸಿಮೆಂಟ್ ಶೀಟು. ಇದನ್ನು ಆಸ್ಬೆಸ್ಟಾಸ್ ಶೀಟು ಅಂತಲೂ ಕರೀತಾರೆ. ಆಸ್ಬೆಸ್ಟಾಸ್‌ಗೆ ಕನ್ನಡದಲ್ಲಿ ಕಲ್ನಾರು ಎಂದು ಹೆಸರು. ಕಲ್ಲು, ನಾರು ಎರಡೂ ಸೇರಿ ಕಲ್ನಾರು. ಇದು ಭೂಮಿಯಿಂದ ತೆಗೆಯುವ ಕಲ್ಲು. ಬಿಡಿಸಿದರೆ ನಾರುನಾರಾಗಿ ಬರುತ್ತದೆ. ಆ ನಾರನ್ನು ಸಿಮೆಂಟಿಗೆ ಬೆರೆಸಿ ಶೀಟು ಮಾಡುತ್ತಾರೆ.

ಶೀಟು ಗಟ್ಟಿಯಾಗಿದ್ದರೆ ನಾರು ಒಳಗೇ ಇರುತ್ತದೆ. ಒಡೆದರೆ, ಕೊಯ್ದರೆ, ತೂತು ಕೊರೆದರೆ ಧೂಳಾಗಿ ಹೊರಗೆ ಬರುತ್ತದೆ. ಆ ನಾರು ಬಲು ಸಣ್ಣದು. ಕಣ್ಣಿಗೆ ಕಾಣದು. ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋಗಿ ಅಲ್ಲೇ ಉಳಿಯುತ್ತದೆ. ಉಸಿರಾಟದ ಕಾಯಿಲೆ, ಕ್ಯಾನ್ಸರ್ ಬರಬಹುದು. ಕಾಯಿಲೆ ಕಾಣಿಸುವುದು 20, 30, 40 ವರ್ಷ ಕಳೆದ ಮೇಲೆ. ಅದಕ್ಕೇ ಜನ "ಏನೂ ಆಗಲ್ಲ ಬಿಡಿ" ಅಂತಾರೆ.

ಕಲ್ನಾರಿನ ಕೆಲಸಕ್ಕೆ ಹೋಗದ ಹೆಂಗಸರಿಗೂ ಈ ಕಾಯಿಲೆ ಬಂದಿದೆ. ಕೆಲಸದಿಂದ ಬಂದ ಗಂಡನ ಧೂಳಿನ ಬಟ್ಟೆ ಒಗೆದದ್ದೇ ಅವರು ಮಾಡಿದ್ದು. ಲಂಡನ್ನಿನ ವೈದ್ಯರು 1965ರಲ್ಲೇ ಇದನ್ನು ಬರೆದು ತಿಳಿಸಿದರು.

ಹಾಗಾದರೆ ನಾವೇನು ಮಾಡಬೇಕು?

ಶೀಟು ಚೆನ್ನಾಗಿದ್ದರೆ ಅದರ ಪಾಡಿಗೆ ಬಿಡಿ. ಉಜ್ಜಿ ತೊಳೆಯಬೇಡಿ. ಇಳಿಸಲೇಬೇಕಾದರೆ ಕೆಲಸ ಗೊತ್ತಿರುವವರಿಂದ ಇಳಿಸಿ. ಅವರಿಗೆ ಹೀಗೆ ಹೇಳಿ:

1. ಮೊದಲು ಕರೆಂಟು ಆಫ್ ಮಾಡಿ. ಮಕ್ಕಳನ್ನು ದೂರ ಕಳಿಸಿ. ಕುಡಿಯುವ ನೀರು, ಅಡಿಗೆ ಸಾಮಾನು ಮುಚ್ಚಿಡಿ.

2. ಶೀಟಿನ ಮೇಲೆ ಕಾಲಿಡಬೇಡಿ. ಹಳೇ ಶೀಟು ಮುರಿದು ಕೆಳಗೆ ಬಿದ್ದು ಸತ್ತವರಿದ್ದಾರೆ.

3. ಶೀಟಿಗೆ ಮೆಲ್ಲಗೆ ನೀರು ಚಿಮುಕಿಸಿ. ಒದ್ದೆಯಾದರೆ ಧೂಳು ಏಳುವುದು ಕಡಿಮೆ.

4. ಸುತ್ತಿಗೆಯಿಂದ ಒಡೆಯಬೇಡಿ. ಬೋಲ್ಟ್ ಬಿಚ್ಚಿ, ಇಡೀ ಶೀಟನ್ನೇ ಕೈಯಿಂದ ಇಳಿಸಿ. ಮೇಲಿಂದ ಎಸೆಯಬೇಡಿ.

5. ಮೂಗಿಗೆ ಸೆರಗು, ಟವಲು ಕಟ್ಟಿದರೆ ಸಾಲದು. ಮುಖಕ್ಕೆ ಬಿಗಿಯಾಗಿ ಕೂರುವ ಎಫ್‌ಎಫ್‌ಪಿ3 ಮಾಸ್ಕ್ ಬೇಕು.

6. ಪೊರಕೆ ಹಿಡಿಯಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ. ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ.

7. ಕೆಲಸದ ಬಟ್ಟೆ ಕೊಡವಬೇಡಿ. ಒದ್ದೆ ಮಾಡಿಯೇ ಬಿಚ್ಚಿ. ಹಳೇ ಬಟ್ಟೆಯಾದರೆ ಅದನ್ನೂ ಚೀಲಕ್ಕೆ ಹಾಕಿ. ಆಮೇಲೆ ಸ್ನಾನ ಮಾಡಿ.

ಒಡೆದ ಚೂರನ್ನು ಬಚ್ಚಲಿಗೆ, ದಾರಿಗೆ ಹಾಸಬೇಡಿ. ತಿಪ್ಪೆಗೂ ಎಸೆಯಬೇಡಿ. ಒದ್ದೆ ಮಾಡಿ, ದಪ್ಪ ಪ್ಲಾಸ್ಟಿಕ್‌ನಲ್ಲಿ ಎರಡು ಸುತ್ತು ಸುತ್ತಿ. ಎಲ್ಲಿಗೆ ಕೊಡಬೇಕೆಂದು ಪಂಚಾಯಿತಿಯಲ್ಲಿ ಕೇಳಿ. ಕೇಳುವುದು ನಿಮ್ಮ ಹಕ್ಕು.

ನೆನಪಿಡಿ: ಒಡೆಯಬೇಡಿ, ಒದ್ದೆ ಮಾಡಿ, ಗುಡಿಸಬೇಡಿ.

ಓದಿ, ಉತ್ತರ ಹೇಳಿ:
ಕಲ್ನಾರು ಎಂದರೆ ಏನು?
ಶೀಟಿಗೆ ನೀರು ಚಿಮುಕಿಸುವುದು ಯಾಕೆ?
ನಿಮ್ಮ ಬೀದಿಯಲ್ಲಿ ಒಡೆದ ಶೀಟು ಎಲ್ಲೆಲ್ಲಿ ಬಿದ್ದಿದೆ? ಪಟ್ಟಿ ಬರೆಯಿರಿ.