ಹಿಡಿಯಲು ಸಿಗದ ನಾಯಿಗೆ ಮದ್ದಿಲ್ಲ

ತೋಟದ ಮನೆಗೆ ನಾಯಿ ಬೇಕು. ಮಂಗ ಓಡಿಸಲು, ರಾತ್ರಿ ಕಾಡುಹಂದಿ ಬಂದರೆ ಬೊಗಳಿ ಎಬ್ಬಿಸಲು, ಅಂಗಳದ ಅಡಿಕೆ ಕಾಯಲು ಅದಕ್ಕಿಂತ ಒಳ್ಳೆಯ ಆಳಿಲ್ಲ. ಆದರೆ ನಾವು ಅದಕ್ಕೆ ಕೊಡುವುದೇನು? ಉಳಿದ ಅನ್ನ, ಒಂದು ಸಂಕೋಲೆ. ಹಟ್ಟಿಯ ದನಕ್ಕೆ ಕಾಲುಬಾಯಿ ಜ್ವರದ ಲಸಿಕೆ ತಪ್ಪಿಸುವುದಿಲ್ಲ. ಮಳೆ ಬಲವಾಗುವ ಮೊದಲು ಅಡಿಕೆಗೆ ಬೋರ್ಡೋ ಬಿಡುವುದನ್ನು ಮರೆಯುವುದಿಲ್ಲ. ನಾಯಿಯ ವಿಷಯಕ್ಕೆ ಬಂದಾಗ ಮಾತ್ರ "ಊರ ನಾಯಿ, ಅದಕ್ಕೆಂಥ ಆಗ್ತದೆ?" ಅನ್ನುತ್ತೇವೆ. ನಾನೂ ಹಾಗೆಯೇ ಅಂದವನು. ಅದರ ಫಲ ಉಂಡ ಮೇಲೆ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಬೊಗ್ಗನ ಕತೆ

ಬೊಗ್ಗ ನಮ್ಮಲ್ಲಿ ನಾಲ್ಕು ವರ್ಷ ಇದ್ದ. ಬುದ್ಧಿವಂತ. ಆದರೆ ಮೈ ಮುಟ್ಟಲು ಬಿಡುತ್ತಿರಲಿಲ್ಲ. ಪಂಚಾಯತಿನ ಹತ್ತಿರ ಉಚಿತ ಲಸಿಕೆ ಶಿಬಿರ ಎರಡು ಸಲ ಆಯಿತು. ಎರಡೂ ಸಲ ಹಗ್ಗ ಕಂಡದ್ದೇ ತಡ, ಗುಡ್ಡೆ ಹತ್ತಿದ. ಸಂಜೆ ಹಸಿವಾದಾಗ ಬಂದ. "ಮುಂದಿನ ವರ್ಷ ನೋಡುವ" ಅಂದೆ.

ಒಂದು ಮಳೆಗಾಲದ ಕೊನೆಗೆ ಹೊರಗಿನ ನಾಯಿಯ ಜತೆ ಕಚ್ಚಾಡಿ ಮೂತಿ ಹರಿದುಕೊಂಡು ಬಂದ. ದೂರದಿಂದಲೇ ಅರಸಿನ ಹುಡಿ ಎರಚಿದೆವು. ಗಾಯ ಮಾಗಿತು, ನಾವು ಮರೆತೆವು. ಸುಮಾರು ಒಂದೂವರೆ ತಿಂಗಳು ಕಳೆದು ಬೊಗ್ಗ ಊಟ ಬಿಟ್ಟ. ಹಟ್ಟಿಯ ಕತ್ತಲೆ ಮೂಲೆಯಲ್ಲಿ ಮಲಗಿದ. ಸ್ವರ ಒಡೆದಿತ್ತು, ಜೊಲ್ಲು ಇಳಿಯುತ್ತಿತ್ತು, ನೀರು ನುಂಗಲು ಆಗುತ್ತಿರಲಿಲ್ಲ. ಗಂಟಲಲ್ಲಿ ಎಲುಬು ಸಿಕ್ಕಿದೆ ಅಂತ ಎಣಿಸಿ ನಾನು ಬಾಯಿಗೆ ಬೆರಳು ಹಾಕಿ ನೋಡಿದೆ. ನಾಲ್ಕು ವರ್ಷ ಮುಟ್ಟಲು ಬಿಡದವನು ಅಂದು ಬಿಟ್ಟ. ಸ್ವಭಾವ ಹಾಗೆ ಬದಲಾದದ್ದೇ ಒಂದು ಸೂಚನೆ. ನನಗೆ ತಿಳಿಯಲಿಲ್ಲ.

ಮರುದಿನ ಸೊಪ್ಪಿನ ಹೊರೆ ಇಳಿಸುತ್ತಿದ್ದ ನಮ್ಮ ಕೆಲಸದ ಅಕ್ಕನ ಕೈಯನ್ನು ಕಚ್ಚಿದ. ಹಟ್ಟಿಯಲ್ಲಿದ್ದ ಕರುವನ್ನೂ ಕಚ್ಚಿದ್ದು ಆ ಗಲಾಟೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಪಶುವೈದ್ಯರು ಬಂದು ದೂರದಿಂದ ನೋಡಿದರು. "ಇದು ಹುಚ್ಚುನಾಯಿ ರೋಗದ ಲಕ್ಷಣ. ನಾಯಿಯನ್ನು ಬಿಡಿ, ಮೊದಲು ನೀವೆಲ್ಲ ಆಸ್ಪತ್ರೆಗೆ ಹೋಗಿ" ಅಂದರು. ಮೂರನೇ ದಿನ ಬೊಗ್ಗ ಸತ್ತ. ಅಕ್ಕನಿಗೆ ಗಾಯದ ಸುತ್ತಲೂ ಚುಚ್ಚಿದರು. ಅವರ ಜತೆ ನಾನು, ನನ್ನ ಹೆಂಡತಿ, ಅಮ್ಮ, ಎಲ್ಲರಿಗೂ ಲಸಿಕೆ ಆಯಿತು. ಅಕ್ಕ ಉಳಿದರು, ನಾವೂ ಉಳಿದೆವು. ಕರು ಉಳಿಯಲಿಲ್ಲ.

ಕಡೆಯ ಚುಚ್ಚುಮದ್ದಿನ ದಿನ ಬಸ್ಸು ಕಾಯುತ್ತಿರುವಾಗ ಆ ಅಕ್ಕ ಕೇಳಿದರು: "ಹಿಡಿಯಲಿಕ್ಕೇ ಸಿಗದ ನಾಯಿಯನ್ನು ಸಾಕುವುದು ಎಂಥಕ್ಕೆ ಅಣ್ಣಾ?" ನನ್ನಲ್ಲಿ ಉತ್ತರ ಇರಲಿಲ್ಲ. ಲಸಿಕೆ ಇತ್ತು, ಅದೂ ಉಚಿತವಾಗಿ. ನಾಯಿಗೆ ಮುಟ್ಟಿಸಿಕೊಳ್ಳುವ ಅಭ್ಯಾಸ ಇರಲಿಲ್ಲ, ಅಷ್ಟೆ.

ಮೊದಲ ಪಾಠ, ಮುಟ್ಟಿಸಿಕೊಳ್ಳುವುದು

ಮುಂದಿನ ವರ್ಷ ಎರಡು ತಿಂಗಳ ಹೆಣ್ಣುಮರಿ ತಂದೆ. ಹೆಸರು ಚೆನ್ನಿ. ಈ ಸಲ ಪಾಠ ಮೊದಲ ದಿನವೇ ಶುರು. ಮರಿ ಹುಟ್ಟಿದ 3ನೇ ವಾರದಿಂದ ಸುಮಾರು 14ನೇ ವಾರದವರೆಗೆ ಕಂಡದ್ದು, ಕೇಳಿದ್ದು, ಮುಟ್ಟಿದ್ದು ಅದಕ್ಕೆ ಬದುಕಿಡೀ ಪರಿಚಿತ. ಆ ಹೊತ್ತಿನಲ್ಲಿ ಆಳುಗಳು, ಕೊಡೆ, ಬೈಕು, ಕಳೆ ಕೊಚ್ಚುವ ಯಂತ್ರದ ಸದ್ದು, ದನ, ಕೋಳಿ ಎಲ್ಲವನ್ನೂ ಹೆದರಿಸದೆ ತೋರಿಸಬೇಕು.

ದಿನಾ ಎರಡು ಹೊತ್ತು, ಊಟಕ್ಕೆ ಮೊದಲು ಐದೇ ನಿಮಿಷ. ಕಿವಿ ಮುಟ್ಟು, ಒಂದು ಚೂರು ತಿಂಡಿ. ಕಾಲೆತ್ತು, ಒಂದು ಚೂರು. ತುಟಿ ಎತ್ತಿ ವಸಡು ನೋಡು, ಒಂದು ಚೂರು. ತೊಡೆಯ ಚರ್ಮ ಮೆಲ್ಲಗೆ ಚಿವುಟಿ ಎಳೆ, ಒಂದು ಚೂರು. ಸೂಜಿ ಹಾಕುವಾಗ ಡಾಕ್ಟರು ಮಾಡುವುದು ಅದನ್ನೇ. ಕುತ್ತಿಗೆಗೆ ಹಗ್ಗ ಹಾಕಿ ಹತ್ತು ಹೆಜ್ಜೆ ನಡೆಸು, ಬಿಚ್ಚಿ ಬಿಡು. ಹದಿನೈದು ದಿನದಲ್ಲಿ ಹಗ್ಗ ತೆಗೆದರೆ ಬಾಲ ಆಡಿಸಿಕೊಂಡು ತಾನೇ ಕುತ್ತಿಗೆ ಚಾಚುವ ಹಾಗಾಯಿತು.

ಮೂರು ಮಾತು

"ಬಾ", "ಕೂರು", "ಬಿಡು". ತೋಟದ ನಾಯಿಗೆ ಈ ಮೂರು ಸಾಕು. ಮನೆಯವರೆಲ್ಲ ಒಂದೇ ಶಬ್ದ ಹೇಳಬೇಕು. ಅಪ್ಪ "ಬಾ", ಮಗ "ಕಮ್", ಅಜ್ಜಿ "ಇತ್ತ ಬಾರೇ" ಅಂದರೆ ಅದಕ್ಕೆ ಯಾವುದೂ ತಲೆಗೆ ಹೋಗುವುದಿಲ್ಲ.

ಕೂರಿಸಲು ಸೊಂಟ ಒತ್ತಬೇಡಿ. ತಿಂಡಿಯನ್ನು ಮೂಗಿನ ಮುಂದೆ ಹಿಡಿದು ತಲೆಯ ಮೇಲಿಂದ ಹಿಂದಕ್ಕೆ ಒಯ್ಯಿರಿ. ತಲೆ ಮೇಲೆದ್ದಂತೆ ಹಿಂಭಾಗ ತಾನಾಗಿ ನೆಲಕ್ಕೆ ತಾಗುತ್ತದೆ. ತಾಗಿದ ಕೂಡಲೇ ಚೂರು ಬಾಯಿಗೆ ಹೋಗಬೇಕು. ಎರಡು ಸೆಕೆಂಡು ತಡವಾದರೆ ಅದು ಬೇರೇನನ್ನೋ ಕಲಿಯುತ್ತದೆ. "ಬಿಡು" ಕಲಿಸುವಾಗ ಮುಷ್ಟಿಯೊಳಗೆ ತಿಂಡಿ ಹಿಡಿಯಿರಿ. ಮೂಸುತ್ತದೆ, ನೆಕ್ಕುತ್ತದೆ, ಕೊನೆಗೆ ಮೂಗು ಹಿಂದೆ ತೆಗೆಯುತ್ತದೆ. ಆಗ "ಬಿಡು" ಅಂದು ಇನ್ನೊಂದು ಕೈಯಿಂದ ಕೊಡಿ. ಸತ್ತ ಇಲಿಯನ್ನೋ ವಿಷದ ಉಂಡೆಯನ್ನೋ ಮೂಸುವಾಗ ಈ ಒಂದು ಶಬ್ದ ಜೀವ ಉಳಿಸುತ್ತದೆ.

ಇನ್ನೊಂದು ಮಾತು. ಕರೆದು ಹೊಡೆಯಬೇಡಿ. ಕೋಳಿ ಹಿಡಿದ ಬೊಗ್ಗನನ್ನು "ಬಾ" ಅಂತ ಕರೆದು ನಾನು ಬಾರಿಸಿದ್ದೆ. ಕೋಳಿ ಹಿಡಿದದ್ದಕ್ಕೆ ಏಟು ಅಂತ ಅವನಿಗೆ ತಿಳಿಯಲಿಲ್ಲ. ಬಂದದ್ದಕ್ಕೆ ಏಟು ಅಂತ ತಿಳಿಯಿತು. ಶಿಬಿರದ ದಿನ ಗುಡ್ಡೆ ಹತ್ತಿದ್ದಕ್ಕೆ ಅದೂ ಒಂದು ಕಾರಣ ಅಂತ ಈಗ ಅನಿಸುತ್ತದೆ.

ಕಲಿತ ಮೇಲೆ ಪ್ರತಿ ಸಲ ತಿಂಡಿ ಬೇಡ. ಮೂರು ಸಲಕ್ಕೊಮ್ಮೆ, ಐದು ಸಲಕ್ಕೊಮ್ಮೆ ಸಾಕು. ಉಳಿದ ಸಲ ಬೆನ್ನು ತಟ್ಟಿ.

ಯಾವ ತಿಂಡಿ, ಎಷ್ಟು?

ಪೇಟೆಯ ಪ್ಯಾಕೆಟ್ ಬೇಕಿಲ್ಲ. ಬೇಯಿಸಿದ ಮೊಟ್ಟೆ, ಬೇಯಿಸಿದ ಗೆಣಸು, ಕ್ಯಾರೆಟ್, ಉಪ್ಪಿಲ್ಲದ ಹುರಿದ ನೆಲಗಡಲೆ, ದೋಸೆಯ ಅಂಚು. ಚೂರು ನೆಲಗಡಲೆ ಬೀಜದಷ್ಟೇ ದೊಡ್ಡದಿರಲಿ. ಒಂದು ಮೊಟ್ಟೆಯಲ್ಲಿ ಹತ್ತಿಪ್ಪತ್ತು ಬಹುಮಾನ ಆಗುತ್ತದೆ. ಇಡೀ ದಿನದ ತಿಂಡಿ ಸೇರಿ ಊಟದ ಹತ್ತರಲ್ಲಿ ಒಂದು ಪಾಲು ಮೀರಬಾರದು.

ಊಟದಲ್ಲಿ ಬರೀ ಅನ್ನ ಮಜ್ಜಿಗೆ ಸಾಲದು. ಮೊಟ್ಟೆ, ಮುಳ್ಳು ತೆಗೆದ ಮೀನು, ಮಾಂಸ ಯಾವುದಾದರೊಂದು ಬೇಕು. ಸಸ್ಯಾಹಾರಿಗಳ ಮನೆಯಲ್ಲಿ ಬೇಯಿಸಿದ ಬೇಳೆ, ಮೊಸರನ್ನಾದರೂ ಸೇರಿಸಬೇಕು. ನೀರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾಂಬಾರು ಸುರಿಯಬೇಡಿ. ಅವು ನಾಯಿಯ ರಕ್ತದ ಕೆಂಪು ಕಣಗಳನ್ನು ಹಾಳು ಮಾಡುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಬೇಯಿಸಿದ ಕೋಳಿ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ.

ನಮ್ಮ ತೋಟದೊಳಗಿನ ವಿಷ

ಚಾಕಲೇಟು ನಾಯಿಗೆ ಆಗದು ಅಂತ ಕೇಳಿರಬಹುದು. ಅದರ ವಿಷ ಥಿಯೋಬ್ರೊಮಿನ್, ಬರುವುದು ಕೊಕ್ಕೋದಿಂದ. ಹಾಗಾದರೆ ಅಂಗಳದಲ್ಲಿ ಒಣಗುವ ಕೊಕ್ಕೋ ಬೀಜ? ಅದರಲ್ಲಿ ಹಾಲಿನ ಚಾಕಲೇಟಿಗಿಂತ ಎಷ್ಟೋ ಹೆಚ್ಚು ವಿಷ ಇದೆ. ಬೀಜ ಹರಡಿದ ಕಡೆ ನಾಯಿ ಬಿಡಬೇಡಿ.

ಅಡಿಕೆಯದ್ದೂ ಒಂದು ಕತೆ ಇದೆ. ಅಡಿಕೆಯೊಳಗಿನ ಅರೆಕೋಲಿನ್ ಒಂದು ಕಾಲಕ್ಕೆ ನಾಯಿಯ ಲಾಡಿಹುಳಕ್ಕೆ ಮದ್ದಾಗಿತ್ತು. ನ್ಯೂಜಿಲೆಂಡಿನಲ್ಲಿ ಕುರಿ ಕಾಯುವ ನಾಯಿಗಳಿಗೆ ಅದನ್ನು ಕೊಡುತ್ತಿದ್ದರು. ಪ್ರಮಾಣ ತುಸು ಹೆಚ್ಚಾದರೂ ವಾಂತಿ, ಭೇದಿ, ನಿತ್ರಾಣ. ಸುರಕ್ಷಿತ ಮದ್ದು ಬಂದ ಮೇಲೆ ಅದನ್ನು ಬಿಟ್ಟರು. "ಅಡಿಕೆ ಜಜ್ಜಿ ಕೊಟ್ಟರೆ ಹುಳ ಹೋಗ್ತದೆ" ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಇಲಿ ಪಾಷಾಣ, ಬಸವನಹುಳುವಿಗೆ ಇಡುವ ಮೆಟಾಲ್ಡಿಹೈಡ್ ಹರಳು, ಬೋರ್ಡೋ ಡ್ರಮ್ಮಿನ ತಳದ ನೀರು, ಮೈಲುತುತ್ತಿನ ಚೀಲ ಇವೆಲ್ಲ ನಾಯಿಯ ಬಾಯಿಗೆ ಸಿಗಬಾರದು. ಮದ್ದು ಬಿಡುವ ದಿನ ಚೆನ್ನಿಯನ್ನು ಮನೆಯ ಹತ್ತಿರ ಕಟ್ಟುತ್ತೇನೆ.

ಲಸಿಕೆ ಮತ್ತು ಹುಳದ ಮದ್ದು

ಮರಿಗೆ 6ರಿಂದ 8 ವಾರ ಆದಾಗ ಮೊದಲ ಲಸಿಕೆ. ಅದು ಪಾರ್ವೊ, ಡಿಸ್ಟೆಂಪರ್ ಮುಂತಾದವುಗಳಿಗೆ. 3-4 ವಾರಕ್ಕೊಮ್ಮೆ 16 ವಾರ ಆಗುವ ತನಕ ಮತ್ತೆ ಹಾಕಿಸಬೇಕು. ಇಲಿಜ್ವರದ ಲಸಿಕೆಯೂ ಸೇರಿದ್ದನ್ನು ಕೇಳಿ ಹಾಕಿಸಿ, ನಮ್ಮ ಮಳೆಗೆ ಅದು ಬೇಕು. 3 ತಿಂಗಳಿಗೆ ರೇಬೀಸ್ ಲಸಿಕೆ. ಎರಡನೆಯದು ಯಾವಾಗ ಅಂತ ಡಾಕ್ಟರಲ್ಲೇ ಕೇಳಿ. ಆಮೇಲೆ ವರ್ಷಕ್ಕೊಮ್ಮೆ. ಸಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಅದರ ಆಸುಪಾಸಿನಲ್ಲಿ ಹಲವು ಕಡೆ ಉಚಿತವಾಗಿ ಹಾಕುತ್ತಾರೆ.

ಮರಿ ವಾಂತಿ ಮಾಡಿ, ದುರ್ನಾತದ ರಕ್ತಭೇದಿ ಶುರುವಾದರೆ ಅದು ಪಾರ್ವೊ ಇರಬಹುದು. ಅದೇ ದಿನ ಡಾಕ್ಟರಲ್ಲಿಗೆ ಒಯ್ಯಿರಿ. ಮೈಯ ನೀರು ಬತ್ತಿಯೇ ಹೆಚ್ಚಿನ ಮರಿಗಳು ಸಾಯುವುದು. ಈ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಬರೀ ಫಿನಾಯಿಲಿಗೆ ಜಗ್ಗುವುದಿಲ್ಲ. ಗೂಡು, ತಟ್ಟೆ, ನೆಲ ತೊಳೆದು ಬ್ಲೀಚಿಂಗ್ ಪೌಡರ್ ನೀರು ಹಾಕಬೇಕು. ಲಸಿಕೆ ಪೂರ್ತಿಯಾಗದ ಮರಿಯನ್ನು ಆ ಜಾಗಕ್ಕೆ ತರಬೇಡಿ.

ಜಂತುಹುಳ ಮರಿಗೆ ತಾಯಿಯಿಂದಲೇ ಬರುತ್ತದೆ. 2 ವಾರಕ್ಕೆ ಮೊದಲ ಮದ್ದು, ಆಮೇಲೆ 3 ತಿಂಗಳ ತನಕ ಹದಿನೈದು ದಿನಕ್ಕೊಮ್ಮೆ, 6 ತಿಂಗಳ ತನಕ ತಿಂಗಳಿಗೊಮ್ಮೆ, ಮತ್ತೆ ಮೂರು ತಿಂಗಳಿಗೊಮ್ಮೆ. ತೂಕ ನೋಡಿಯೇ ಕೊಡಬೇಕು. ಬಚ್ಚಲಿನ ತಕ್ಕಡಿ ಇದ್ದರೆ ನಾಯಿಯನ್ನು ಎತ್ತಿಕೊಂಡು ನಿಂತು, ನಿಮ್ಮ ತೂಕ ಕಳೆಯಿರಿ.

ಉಣುಗು

ನಾಯಿಯ ಮೈಯಲ್ಲಿ ಕಾಣುವುದು ಸ್ವಲ್ಪವೇ. ಉಳಿದದ್ದು ಗೂಡಿನ ಸಂದಿಯಲ್ಲಿ, ಗೋಡೆಯ ಬಿರುಕಿನಲ್ಲಿ. ಒಂದು ಹೆಣ್ಣು ಉಣುಗು ಸಾವಿರಾರು ಮೊಟ್ಟೆ ಇಡುತ್ತದೆ. ಮೈಗೆ ಮಾತ್ರ ಮದ್ದು ಹಚ್ಚಿದರೆ ಹದಿನೈದು ದಿನಕ್ಕೆ ಮತ್ತೆ ಹಾಜರು. ಮಲಗುವ ಗೋಣಿಯನ್ನು ಕುದಿನೀರಿಗೆ ಹಾಕಿ ಬಿಸಿಲಿಗೆ ಒಣಗಿಸುತ್ತೇನೆ, ಸಂದಿಗಳನ್ನು ಸಾರಿಸಿ ಮುಚ್ಚಿದ್ದೇನೆ. ದನಕ್ಕೆ ತಂದ ಉಣುಗಿನ ಮದ್ದನ್ನು ಅಂದಾಜಿನಲ್ಲಿ ನಾಯಿಗೆ ಹಚ್ಚಬೇಡಿ. ನೆಕ್ಕಿ ವಿಷ ಏರುತ್ತದೆ.

ವಾರಕ್ಕೊಮ್ಮೆ ವಸಡು ನೋಡಿ. ಆರೋಗ್ಯದ ನಾಯಿಯದ್ದು ತಿಳಿಗೆಂಪು. ಬಿಳಿಚಿದ್ದರೆ, ಜ್ವರ ಇದ್ದರೆ, ಮೂಗಿನಲ್ಲಿ ರಕ್ತ ಬಂದರೆ ಉಣುಗಿನ ಜ್ವರ ಇರಬಹುದು. ಬೇಗ ಗೊತ್ತಾದರೆ ವಾಸಿಯಾಗುತ್ತದೆ. ಚೆನ್ನಿಗೆ ಎರಡನೇ ವರ್ಷ ಇದೇ ಆಗಿತ್ತು. ತುಟಿ ಎತ್ತಿ ನೋಡುವ ಅಭ್ಯಾಸ ಇದ್ದುದರಿಂದ ಎರಡೇ ದಿನದಲ್ಲಿ ಗೊತ್ತಾಯ್ತು. ಬೊಗ್ಗನ ವಸಡಿನ ಬಣ್ಣ ನಾಲ್ಕು ವರ್ಷದಲ್ಲಿ ಒಮ್ಮೆಯೂ ನಾನು ಕಂಡಿರಲಿಲ್ಲ.

ಕಚ್ಚಿದರೆ

ಯಾವ ನಾಯಿಯೇ ಆಗಲಿ, ನಮ್ಮದೇ ಮರಿಯಾಗಲಿ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಸಿನ, ಸುಣ್ಣ, ಮೆಣಸಿನ ಹುಡಿ ಹಚ್ಚಬೇಡಿ. ಅಂದೇ ಆಸ್ಪತ್ರೆಗೆ ಹೋಗಿ. ರಕ್ತ ಬಂದ ಗಾಯಕ್ಕೆ ಲಸಿಕೆಯ ಜತೆ ಗಾಯದ ಸುತ್ತ ಚುಚ್ಚುವ ಇಮ್ಯುನೋಗ್ಲಾಬ್ಯುಲಿನ್ ಕೂಡ ಬೇಕು. ಲಸಿಕೆಯ ಕಂತುಗಳನ್ನು ಅರ್ಧಕ್ಕೆ ಬಿಡಬೇಡಿ. ರೋಗದ ಲಕ್ಷಣ ಶುರುವಾದ ಮೇಲೆ ಮನುಷ್ಯನಿಗಾಗಲಿ ದನಕ್ಕಾಗಲಿ ಮದ್ದಿಲ್ಲ. ಹಟ್ಟಿಯ ಜಾನುವಾರುಗಳ ಮೈಯನ್ನೂ ಅಂದೇ ಪರೀಕ್ಷಿಸಿ. ಅವುಗಳಿಗೂ ಲಸಿಕೆ ಇದೆ. ನಾವು ತಪ್ಪಿದ್ದು ಅಲ್ಲಿ.

ಚೆನ್ನಿಗೆ ಮರಿಯಾಗದಂತೆ ಆಪರೇಶನ್ ಮಾಡಿಸಿದ್ದೇನೆ. ಬೀದಿಗೆ ಬಿಡುವ ಮರಿಗಳೂ ಇಲ್ಲ, ಆ ಹೊತ್ತಿಗೆ ಮನೆ ಸುತ್ತ ಸೇರುವ ನಾಯಿಗಳ ಕಚ್ಚಾಟವೂ ಇಲ್ಲ. ಕಳೆದ ಶಿಬಿರಕ್ಕೆ ಹಗ್ಗ ಹಿಡಿದು ನಡೆಸಿಕೊಂಡು ಹೋದೆ. "ಕೂರು" ಅಂದೆ, ಕೂತಳು. ಸೂಜಿ ಹೋಯಿತು, ಬಂತು. ಕಿಸೆಯಿಂದ ಒಂದು ಚೂರು ಮೊಟ್ಟೆ ಕೊಟ್ಟೆ. ಕೈಗೆ ಗಾಯದ ಕಲೆ ಇರುವ ಆ ಅಕ್ಕ ಈಗಲೂ ನಮ್ಮಲ್ಲಿಗೆ ಕೆಲಸಕ್ಕೆ ಬರುತ್ತಾರೆ. ಚೆನ್ನಿಯ ಲಸಿಕೆಯ ಚೀಟಿಯನ್ನು ವರ್ಷಕ್ಕೊಮ್ಮೆ ಅವರಿಗೆ ತೋರಿಸುತ್ತೇನೆ.