ಕಲಿಕಾ ಹಾಳೆಯ ವಿನ್ಯಾಸ: ಬೋಧನಾಭ್ಯಾಸದ ಒಂದು ಅನುಭವ

ಬೋಧನಾಭ್ಯಾಸದ ಎರಡನೇ ವಾರ ಏಳನೇ ತರಗತಿ ‘ಎ’ ವಿಭಾಗಕ್ಕೆ ನಾನು ಆಯ್ದುಕೊಂಡ ವಿಷಯ, ಭೇದಿಯಾದಾಗ ಮನೆಯಲ್ಲೇ ಉಪ್ಪು-ಸಕ್ಕರೆ ದ್ರಾವಣ ತಯಾರಿಸುವುದು. ಓಆರ್‌ಎಸ್ ಪೊಟ್ಟಣ ಸಿಗದಿದ್ದಾಗ 1 ಲೀಟರ್ ಶುದ್ಧ ನೀರಿಗೆ ಮಟ್ಟವಾಗಿ ತುಂಬಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಬೇಕು. ಕಾಗದ ಉಳಿಸಲೆಂದು ಇಡೀ ಪಾಠವನ್ನು ಒಂದೇ ಪುಟಕ್ಕೆ ತುಂಬಿಸಿ ಜೆರಾಕ್ಸ್ ಮಾಡಿಸಿದ್ದೆ.

ಹಾಳೆ ಓದಿ ಅಳತೆಗಳನ್ನು ಬರೆಯಲು ಹೇಳಿದಾಗ ಒಬ್ಬ ಹುಡುಗಿ ‘ಉಪ್ಪು 6 ಚಮಚ’ ಎಂದು ಬರೆದಳು. ಅಷ್ಟು ಉಪ್ಪು ಮಗುವಿನ ಹೊಟ್ಟೆ ಸೇರಿದರೆ ಪ್ರಾಣಕ್ಕೇ ಅಪಾಯ. ಮೌಲ್ಯಮಾಪನದಲ್ಲಿ ಅವಳ ಹೆಸರಿನ ಮುಂದೆ ‘ಓದುವ ಕೌಶಲ ಕಡಿಮೆ’ ಎಂದು ಬರೆದೆ. ಸಂಜೆ ಉಳಿದ ಉತ್ತರಗಳನ್ನು ತಿದ್ದುವಾಗ ಇನ್ನೂ ಎಂಟು ಮಕ್ಕಳು ಅದೇ ತಪ್ಪು ಮಾಡಿದ್ದು ಕಂಡಿತು.

ಪಾಠ ವೀಕ್ಷಿಸಿದ್ದ ಮಾರ್ಗದರ್ಶಕ ಉಪನ್ಯಾಸಕರು ಕೇಳಿದರು: “ಮಕ್ಕಳಿಗೆ ಓದಲು ಬರುವುದಿಲ್ಲವೋ, ನಿಮ್ಮ ಹಾಳೆಯನ್ನು ಓದಲು ಆಗುವುದಿಲ್ಲವೋ? ಕೈ ಚಾಚಿ ಹಿಡಿದು ನೋಡಿ.” ಹಿಡಿದೆ. ಪುಟವೆಲ್ಲ ಒಂದೇ ಕಪ್ಪು ಮುದ್ದೆಯಾಗಿ ಕಂಡಿತು. ಮೊದಲು ಏನು ಓದಬೇಕೆಂದು ನನಗೇ ತಿಳಿಯಲಿಲ್ಲ. ಆ ರಾತ್ರಿ ಹಾಳೆಯನ್ನು ಹೊಸದಾಗಿ ಮಾಡುತ್ತ ಕಲಿತದ್ದು ಇಷ್ಟು.

1. ಸಂಬಂಧವಿದ್ದದ್ದು ಹತ್ತಿರವಿರಲಿ. ‘6’ ಒಂದು ಸಾಲಿನ ಕೊನೆಯಲ್ಲಿತ್ತು, ‘ಸಕ್ಕರೆ’ ಮುಂದಿನ ಸಾಲಿಗೆ ಜಾರಿತ್ತು. ಆ ‘6’ರ ನೇರ ಕೆಳಗೇ ‘ಉಪ್ಪು’ ಇತ್ತು. ಈಗ ಸಾಮಗ್ರಿ, ಅಳತೆ ಎಂದು ಎರಡು ಕಾಲಂ ಮಾಡಿ, ಒಂದು ಸಾಮಗ್ರಿಗೆ ಒಂದು ಸಾಲು ಕೊಟ್ಟೆ.

2. ಕನ್ನಡಕ್ಕೆ ಸಾಲಿನ ಅಂತರ ಹೆಚ್ಚು ಬೇಕು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಡಿಸು ಮೇಲೆ ಏರುತ್ತದೆ. ಸಾಲುಗಳು ಒತ್ತಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. 10 ಪಾಯಿಂಟ್ ಅಕ್ಷರವನ್ನು 14ಕ್ಕೆ ಏರಿಸಿದೆ, ಸಾಲಿನ ಅಂತರವನ್ನು ಒಂದೂವರೆ ಪಟ್ಟು ಮಾಡಿದೆ. ಅದಕ್ಕೆ ಜಾಗ ಸಾಲದೆ ಅನವಶ್ಯಕ ವಾಕ್ಯಗಳನ್ನು ತೆಗೆಯಬೇಕಾಯಿತು. ಅದೂ ಒಳ್ಳೆಯದೇ ಆಯಿತು.

3. ಮುಖ್ಯವಾದದ್ದು ಒಂದೇ ಎದ್ದು ಕಾಣಲಿ. ಇಂಗ್ಲಿಷಿನಂತೆ ನಮ್ಮಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಗಾತ್ರ, ದಪ್ಪ, ಖಾಲಿ ಜಾಗ ಇವುಗಳಿಂದಲೇ ಗಮನ ಸೆಳೆಯಬೇಕು. ನಾನಾದರೋ ಹನ್ನೊಂದು ಪದಗಳನ್ನು ದಪ್ಪ ಮಾಡಿ ಅಡಿಗೆರೆಯನ್ನೂ ಎಳೆದಿದ್ದೆ. ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು? ಅಡಿಗೆರೆ ಒತ್ತಕ್ಷರಗಳ ಮೇಲೆಯೇ ಹಾದುಹೋಗಿತ್ತು. ದಪ್ಪಕ್ಷರ ಜೆರಾಕ್ಸಿನಲ್ಲಿ ಮಸಿ ತುಂಬಿಕೊಂಡು ‘ಧ’ದ ಸೀಳು ಮುಚ್ಚಿ ‘ದ’ ಆಗಿತ್ತು. ಈಗ ಶೀರ್ಷಿಕೆ ಮತ್ತು ಎರಡು ಅಳತೆಗಳನ್ನು ಮಾತ್ರ ದಪ್ಪವಾಗಿ, ದೊಡ್ಡದಾಗಿ ಇಟ್ಟೆ.

4. ಎಡ ಅಂಚು ನೇರವಾಗಿದ್ದರೆ ಸಾಕು. ಎರಡೂ ಅಂಚು ಸರಿಸಮ ಮಾಡಿದರೆ ಅಂದವೆಂದುಕೊಂಡಿದ್ದೆ. ಕನ್ನಡದ ಪದಗಳು ಉದ್ದ. ಒಂದು ಸಾಲಿಗೆ ಮೂರು ನಾಲ್ಕು ಪದ ಮಾತ್ರ ಹಿಡಿದಾಗ ಅವುಗಳ ನಡುವೆ ದೊಡ್ಡ ತೆರಪು ಬಿದ್ದು ಓದು ಅಲ್ಲಲ್ಲಿ ತಡೆಯುತ್ತದೆ. ಬಲ ಅಂಚನ್ನು ಹಾಗೆಯೇ ಬಿಟ್ಟೆ.

‘ಎ’ ವಿಭಾಗದಲ್ಲಿ ಉತ್ತರ ಚರ್ಚೆಯಾಗಿದ್ದರಿಂದ ಹೊಸ ಹಾಳೆಯನ್ನು ‘ಬಿ’ ವಿಭಾಗಕ್ಕೆ ಕೊಟ್ಟೆ. ಅಲ್ಲಿ ತಪ್ಪಿದವನು ಒಬ್ಬನೇ. ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದೆ. ಅವನಿಗೆ ಒತ್ತಕ್ಷರಗಳೇ ಗುರುತು ಸಿಗುತ್ತಿರಲಿಲ್ಲ. ನಿಜವಾಗಿ ನೆರವು ಬೇಕಿದ್ದ ಅಂಥ ಮಗು ಹಳೆಯ ಹಾಳೆಯಲ್ಲಾದರೆ ಒಂಬತ್ತು ಜನರ ನಡುವೆ ಮರೆಯಾಗಿಬಿಡುತ್ತಿತ್ತು. ‘ಎ’ ವಿಭಾಗದ ಆ ಹುಡುಗಿ ಮುಂದಿನ ಪಾಠದ, ಇದೇ ಕ್ರಮದಲ್ಲಿ ಮಾಡಿದ ಹಾಳೆಯಲ್ಲಿ ಎಲ್ಲವನ್ನೂ ಸರಿಯಾಗಿ ಬರೆದಳು. ಅವಳ ಹೆಸರಿನ ಮುಂದೆ ಬರೆದಿದ್ದನ್ನು ಹೊಡೆದು ಹಾಕಿದೆ.

ಸಹಪಾಠಿಗಳಲ್ಲಿ ನನ್ನ ಕೋರಿಕೆ ಇಷ್ಟೆ. ಜೆರಾಕ್ಸಿಗೆ ಕೊಡುವ ಮುನ್ನ ಹಾಳೆಯನ್ನು ಕೈ ಚಾಚಿ ಹಿಡಿದು ನೋಡಿ. ಪಾಠ ಕೇಳದ ಒಂದು ಮಗುವಿನ ಕೈಗೆ ಕೊಟ್ಟು, ಮೊದಲು ಕಂಡದ್ದೇನು ಎಂದು ಕೇಳಿ. ಅದು ನೀವು ಕಾಣಿಸಬೇಕೆಂದಿದ್ದ ವಿಷಯ ಅಲ್ಲದಿದ್ದರೆ ತಿದ್ದಬೇಕಾದದ್ದು ಹಾಳೆಯನ್ನು. ಮಗುವಿಗೆ ಅಂಕ ಹಾಕುವುದು ಆಮೇಲೆ.