ದೌರ್ಬಲ್ಯ ಎಲ್ಲಿದೆ: ನರದಲ್ಲೋ, ಸ್ನಾಯುವಿನಲ್ಲೋ, ನಡುವೆಯೋ?

ನಮ್ಮ ಮನೆಮಾತು ಉರ್ದು. ಮನೆಯಲ್ಲಿ ಮುಂಗೈ ಮೇಲೆ ಕಾಣುವ ನೀಲಿ ಗೆರೆಗೂ ‘ನಸ್’ ಅನ್ನುತ್ತೇವೆ, ಕುತ್ತಿಗೆ ಹಿಡಿದುಕೊಂಡರೂ ‘ನಸ್’, ಕೈ ಜೋಮು ಹಿಡಿದರೂ ‘ನಸ್’. ಕನ್ನಡದಲ್ಲೂ ಎಲ್ಲದಕ್ಕೂ ‘ನರ’ ಅನ್ನುವವರೇ ಹೆಚ್ಚು. ಆದರೆ ಆ ನೀಲಿ ಗೆರೆ ರಕ್ತನಾಳ. ನರ ಹಾಗೆ ಹೊರಗೆ ಕಾಣುವುದಿಲ್ಲ. ಮೊಣಕೈ ಬೆಂಚಿನ ಅಂಚಿಗೆ ತಾಗಿದಾಗ ಕಿರುಬೆರಳಿನ ತನಕ ಕರೆಂಟ್ ಹೊಡೆದಂತಾಗುತ್ತದಲ್ಲ, ಅದು ಅಲ್ನಾರ್ ಎಂಬ ನರ. ಅಲ್ಲಿ ಅದು ಚರ್ಮದ ಕೆಳಗೇ ಮೂಳೆಗೆ ಒರಗಿಕೊಂಡು ಹಾದುಹೋಗುತ್ತದೆ.

ನಾನು ಕಾಮರ್ಸ್ ವಿದ್ಯಾರ್ಥಿನಿ, ನನ್ನ ಜೀವಶಾಸ್ತ್ರ ಎಸ್ಸೆಸ್ಸೆಲ್ಸಿಗೇ ಮುಗಿಯಿತು. ಆದರೂ ಇದನ್ನು ಬರೆಯಲು ಕಾರಣ ನನ್ನ ಖಾಲಾ, ಅಂದರೆ ಅಮ್ಮಿಯ ತಂಗಿ. ಅವರ ವಿಷಯಕ್ಕೆ ಬರುವ ಮೊದಲು ದಾರಿಯನ್ನು ತಿಳಿದುಕೊಳ್ಳೋಣ.

ಕೈ ಎತ್ತಬೇಕು ಎಂಬ ಆದೇಶ ಮಿದುಳಿನಲ್ಲಿ ಹುಟ್ಟುತ್ತದೆ. ಮಿದುಳುಬಳ್ಳಿಯಲ್ಲಿ ಇಳಿದು, ಅಲ್ಲಿಂದ ನರಕ್ಕೆ ದಾಟಿ, ಸ್ನಾಯುವಿನ ತನಕ ಹೋಗುತ್ತದೆ. ನರದಲ್ಲಿ ಅದು ವಿದ್ಯುತ್ ಸಂಕೇತ. ನರದ ಎಳೆಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುವುದರಿಂದ ಸಂಕೇತ ಬೇಗ ಓಡುತ್ತದೆ. ಈ ವೇಗವನ್ನು ಕಪ್ಪೆಯ ನರದಲ್ಲಿ ಮೊದಲು ಅಳೆದವನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್, 1850ರಲ್ಲಿ. ನಮ್ಮ ಕೈಯ ನರಗಳಲ್ಲಿ ಅದು ಸೆಕೆಂಡಿಗೆ ಸುಮಾರು 50ರಿಂದ 60 ಮೀಟರ್. ಆದರೆ ನರ ಸ್ನಾಯುವಿಗೆ ಅಂಟಿಕೊಂಡಿಲ್ಲ, ನಡುವೆ ಸಣ್ಣ ಸಂದಿ ಇದೆ. ಅಲ್ಲಿ ನರದ ತುದಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬಿಡುತ್ತದೆ, ಸ್ನಾಯುವಿನ ಮೇಲಿರುವ ಗ್ರಾಹಕಗಳು ಅದನ್ನು ಹಿಡಿದುಕೊಂಡಾಗ ಸ್ನಾಯು ಕುಗ್ಗುತ್ತದೆ.

ರೋಗಿ ಹೇಳುವುದು ಒಂದೇ ಮಾತು: “ಶಕ್ತಿ ಇಲ್ಲ.” ತಪ್ಪು ಈ ದಾರಿಯಲ್ಲಿ ಎಲ್ಲಿ ಬೇಕಾದರೂ ಇರಬಹುದು. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ವ್ಯತ್ಯಾಸ ಎಷ್ಟು ಎಂದು ಗೊತ್ತಾಗುತ್ತದೆ, ತಪ್ಪು ಯಾವ ಪುಸ್ತಕದಲ್ಲಿದೆ ಎಂದು ಗೊತ್ತಾಗುವುದಿಲ್ಲ. ಒಂದೊಂದನ್ನೇ ತೆಗೆದು ನೋಡಬೇಕು. ನರರೋಗ ತಜ್ಞರೂ ಹಾಗೆಯೇ ಮಾಡುತ್ತಾರೆ, ಅದೂ ಮೊದಲು ಯಂತ್ರವಿಲ್ಲದೆ, ಪ್ರಶ್ನೆಗಳಿಂದ ಮತ್ತು ಮಂಡಿಗೆ ತಟ್ಟುವ ಸಣ್ಣ ಸುತ್ತಿಗೆಯಿಂದ. ಮಿದುಳು ಅಥವಾ ಮಿದುಳುಬಳ್ಳಿಯ ತೊಂದರೆ ಹಳೆಯದಾದಷ್ಟೂ ಕೈಕಾಲು ಬಿಗಿಯಾಗುತ್ತದೆ, ಮಂಡಿ ಜೋರಾಗಿ ಚಿಮ್ಮುತ್ತದೆ. ನರ ಕೆಟ್ಟರೆ ಚಿಮ್ಮುವುದು ಕಡಿಮೆ ಅಥವಾ ಇಲ್ಲ, ಜೊತೆಗೆ ಸಾಮಾನ್ಯವಾಗಿ ಜೋಮು. ಸ್ನಾಯು ಕೆಟ್ಟರೆ ಜೋಮು ಇರುವುದಿಲ್ಲ. ಭುಜ, ತೊಡೆಯಂಥ ದೊಡ್ಡ ಸ್ನಾಯುಗಳೇ ಹೆಚ್ಚಾಗಿ ಸೋಲುತ್ತವೆ. (ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾಗಿ, ಮಾತು ತೊದಲಿ, ಒಂದು ಕಡೆಯ ಕೈ ಬಿದ್ದುಹೋದರೆ ಅದು ಪಾರ್ಶ್ವವಾಯು ಇರಬಹುದು. ಆಗ ಎಣ್ಣೆ ಉಜ್ಜುತ್ತಾ ಕೂರದೆ ಆಸ್ಪತ್ರೆಗೆ ಓಡಬೇಕು.)

ಖಾಲಾಗೆ ಇವು ಯಾವುದೂ ಇರಲಿಲ್ಲ. ಅವರು ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಬೆಳಿಗ್ಗೆ ಸರಿಯಾಗಿರುತ್ತಿದ್ದರು, ಸಂಜೆಯ ಹೊತ್ತಿಗೆ ಎಡಗಣ್ಣಿನ ರೆಪ್ಪೆ ಇಳಿಯುತ್ತಿತ್ತು. ಸೂಜಿಗೆ ದಾರ ಪೋಣಿಸಲು ಹೋದರೆ ಎರಡೆರಡು ಸೂಜಿ ಕಾಣುತ್ತಿತ್ತು. ರಾತ್ರಿ ರೊಟ್ಟಿ ಅಗಿಯುವಾಗ ದವಡೆ ಸೋತು, ಗಲ್ಲಕ್ಕೆ ಕೈ ಕೊಟ್ಟು ಕೂರುತ್ತಿದ್ದರು. ಒಬ್ಬರು ನಜರ್ ಆಗಿದೆ ಎಂದರು, ಇನ್ನೊಬ್ಬರು ಮೊಬೈಲ್ ಎಂದರು. ಒಂದು ಕಡೆ ಎರಡು ಸಲ ಕನ್ನಡಕ ಬದಲಾಯಿಸಿದರು.

ಕೊನೆಗೆ ನರರೋಗ ತಜ್ಞರೊಬ್ಬರು ಕೇಳಿದ್ದು, “ಬೆಳಿಗ್ಗೆ ಹೇಗಮ್ಮಾ, ಸಂಜೆ ಹೇಗೆ?” ಎಂದು. ಆಮೇಲೆ ಕಣ್ಣು ಮುಚ್ಚದೆ ಮೇಲಕ್ಕೆ ನೋಡುತ್ತಿರಿ ಎಂದರು. ನಾವು ನೋಡುತ್ತಿದ್ದಂತೆಯೇ ರೆಪ್ಪೆ ಮೆಲ್ಲಗೆ ಇಳಿಯಿತು. ನಂತರ ಗ್ಲೌಸಿನಲ್ಲಿ ಮಂಜುಗಡ್ಡೆ ಸುತ್ತಿ ಎರಡು ನಿಮಿಷ ಆ ಕಣ್ಣಿನ ಮೇಲೆ ಇಟ್ಟರು. ತೆಗೆದಾಗ ರೆಪ್ಪೆ ಮೇಲಿತ್ತು! ಅಸಿಟೈಲ್‌ಕೋಲಿನನ್ನು ಒಡೆದುಹಾಕುವ ಕಿಣ್ವ ತಣ್ಣಗಾದಾಗ ನಿಧಾನವಾಗುತ್ತದೆ, ಆದ್ದರಿಂದ ಸಂದಿಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ಅದು ಉಳಿಯುತ್ತದೆ. ದುಬಾರಿ ಯಂತ್ರಕ್ಕಿಂತ ಈ ಪರೀಕ್ಷೆಯೇ ನನಗೆ ಹೆಚ್ಚು ಇಷ್ಟವಾಯಿತು.

ಯಂತ್ರವೂ ಬೇಕಾಯಿತು ಅನ್ನಿ. ಕೈಯ ನರಕ್ಕೆ ಸಣ್ಣ ಶಾಕ್ ಕೊಟ್ಟು ವೇಗ ಅಳೆದರು, ಅದು ಸರಿಯಾಗಿಯೇ ಇತ್ತು. ಬಳಿಕ ಸೆಕೆಂಡಿಗೆ ಮೂರರಂತೆ ಶಾಕ್ ಕೊಟ್ಟಾಗ ಪರದೆಯ ಮೇಲಿನ ಅಲೆಗಳು ಒಂದಕ್ಕಿಂತ ಒಂದು ಗಿಡ್ಡವಾಗುತ್ತಾ ಹೋದವು. ಇಳಿಕೆ ಶೇ. 10ಕ್ಕಿಂತ ಹೆಚ್ಚಿದ್ದರೆ ತಪ್ಪು ಸಂದಿಯಲ್ಲಿದೆ ಎಂಬ ಸೂಚನೆ. ರಕ್ತದಲ್ಲಿ ಗ್ರಾಹಕಗಳ ವಿರುದ್ಧದ ಪ್ರತಿಕಾಯಗಳು ಸಿಕ್ಕವು. ಮೈಯ ರಕ್ಷಣಾ ವ್ಯವಸ್ಥೆಯೇ ಸ್ವಂತ ಗ್ರಾಹಕಗಳ ಮೇಲೆ ಬಿದ್ದಿತ್ತು. ರೋಗದ ಹೆಸರು ಮೈಸ್ತೇನಿಯಾ ಗ್ರೇವಿಸ್. ಎದೆಯ ಸಿ.ಟಿ. ಸ್ಕ್ಯಾನ್ ಕೂಡ ಆಯಿತು, ಏಕೆಂದರೆ ಕೆಲವರಲ್ಲಿ ಥೈಮಸ್ ಗ್ರಂಥಿಯಲ್ಲಿ ಗಡ್ಡೆ ಇರುತ್ತದೆ.

ಇದಕ್ಕೆ ಮದ್ದು ಸಿಕ್ಕ ಬಗೆಯೂ ಚೆನ್ನಾಗಿದೆ. ಬಾಣದ ತುದಿಗೆ ಹಚ್ಚುವ ಕ್ಯುರಾರೆ ವಿಷವೂ ಇದೇ ಸಂದಿಯನ್ನು ತಡೆಯುತ್ತದೆ. ಆ ವಿಷಕ್ಕೆ ಪ್ರತಿಮದ್ದಾದ ಫೈಸೋಸ್ಟಿಗ್ಮಿನ್ ಈ ರೋಗಿಗಳಿಗೂ ಆದೀತೇ ಎಂದು 1934ರಲ್ಲಿ ಲಂಡನ್ನಿನ ವೈದ್ಯೆ ಮೇರಿ ವಾಕರ್ ಕೊಟ್ಟು ನೋಡಿದರು, ಫಲ ಕಂಡಿತು. ಖಾಲಾ ಈಗ ನುಂಗುವ ಪಿರಿಡೋಸ್ಟಿಗ್ಮಿನ್ ಅದೇ ಜಾತಿಯದು.

ತಪ್ಪು ಬೇರೆ ಕಡೆ ಇದ್ದರೆ ಪರೀಕ್ಷೆಯೂ ಬೇರೆ. ಗೀಯಾನ್-ಬಾರೆ ರೋಗದಲ್ಲಿ ನರವೇ ಪೆಟ್ಟು ತಿನ್ನುತ್ತದೆ, ಎಷ್ಟೋ ಸಲ ಭೇದಿ ಆಗಿಹೋದ ಮೇಲೆ. 2025ರ ಜನವರಿಯಲ್ಲಿ ಪುಣೆಯಲ್ಲಿ ಹರಡಿತೆಂದು ಸುದ್ದಿಯಾಯಿತಲ್ಲ, ಅದೇ. ಕೆಲವೇ ದಿನಗಳಲ್ಲಿ ದೌರ್ಬಲ್ಯ ಕಾಲಿನಿಂದ ಮೇಲಕ್ಕೆ ಏರುತ್ತದೆ, ಉಸಿರಾಟಕ್ಕೂ ತಟ್ಟಬಹುದು. ಮಯಲಿನ್ ಹಾಳಾದರೆ ಸಂಕೇತದ ವೇಗ ಇಳಿಯುತ್ತದೆ, ಬೆನ್ನಿನಿಂದ ತೆಗೆದ ದ್ರವದಲ್ಲಿ ಪ್ರೋಟೀನ್ ಹೆಚ್ಚಿರುತ್ತದೆ. ಡುಶೆನ್ ಎಂಬುದು ಸ್ನಾಯುವಿನದೇ ರೋಗ, ಹೆಚ್ಚಾಗಿ ಗಂಡುಮಕ್ಕಳಿಗೆ. ನೆಲದಿಂದ ಏಳುವಾಗ ಮಗು ತನ್ನ ತೊಡೆಗಳನ್ನೇ ಹಿಡಿದು ಹತ್ತುವಂತೆ ಏಳುತ್ತದೆ. ರಕ್ತದಲ್ಲಿ ಸಿ.ಕೆ. ಎಂಬ ಕಿಣ್ವ ಹಲವು ಪಟ್ಟು ಏರಿರುತ್ತದೆ, ಜೀನ್ ಪರೀಕ್ಷೆ ಅದನ್ನು ಖಚಿತಪಡಿಸುತ್ತದೆ.

ಖಾಲಾ ಈಗ ಊಟಕ್ಕೆ ಅರ್ಧ ಗಂಟೆ ಮೊದಲು ಮಾತ್ರೆ ನುಂಗಿ, ರೊಟ್ಟಿಯನ್ನು ಕೈ ಆಸರೆ ಇಲ್ಲದೆ ತಿನ್ನುತ್ತಾರೆ. ಸಿಪ್ರೊಫ್ಲಾಕ್ಸಸಿನ್, ಅಜಿತ್ರೊಮೈಸಿನ್‌ನಂಥ ಮಾಮೂಲಿ ಆ್ಯಂಟಿಬಯೋಟಿಕ್‌ಗಳೂ ಈ ರೋಗವನ್ನು ಹೆಚ್ಚಿಸಬಲ್ಲವು. ಆದ್ದರಿಂದ ರೋಗದ ಹೆಸರು ಬರೆದ ಚೀಟಿಯೊಂದು ಅವರ ಪರ್ಸಿನಲ್ಲಿದೆ. ಜ್ವರ, ಕೆಮ್ಮು ಎಂದು ಮೆಡಿಕಲ್ ಶಾಪಿಗೆ ಹೋದರೂ ಅದನ್ನು ಮೊದಲು ತೋರಿಸುತ್ತಾರೆ. ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ನೇರವಾಗಿ ತುರ್ತು ವಿಭಾಗಕ್ಕೆ ಬರಬೇಕು ಎಂದು ಡಾಕ್ಟರ್ ಹೇಳಿದ್ದನ್ನು ಅದೇ ಚೀಟಿಯ ಹಿಂದೆ ನಾನು ಉರ್ದುವಿನಲ್ಲಿಯೂ ಕನ್ನಡದಲ್ಲಿಯೂ ಬರೆದುಕೊಟ್ಟಿದ್ದೇನೆ.